ಹಳೆ ಬೈಕಿಗೆ ಹೊಸ ಶಾಕ್ ಬೇಕು, ಗರಗಸ ಬೇಡ

ಐವತ್ತು ವರ್ಷ ದಾಟಿದ ಬೈಕುಗಳಿಗೆ ನಮ್ಮ ದೇಶದಲ್ಲಿ 2021ರ ಜುಲೈಯಿಂದ ಪ್ರತ್ಯೇಕ ನೋಂದಣಿ ವ್ಯವಸ್ಥೆ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆಗ ಸೇರಿದ ತಿದ್ದುಪಡಿಯಂತೆ ಅಂಥ ಬೈಕಿಗೆ ‘ವಿಎ’ ಅಕ್ಷರಗಳಿರುವ ನಂಬರ್ ಪ್ಲೇಟ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ನಂತರ ಮರುನೋಂದಣಿಗೆ 5,000 ರೂಪಾಯಿ. ಪ್ರತಿಯಾಗಿ ಸರ್ಕಾರ ಕೇಳುವುದು ಮುಖ್ಯವಾಗಿ ಒಂದು: ವಾಹನ ಮೂಲರೂಪದಲ್ಲಿರಬೇಕು; ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡು ಆಗಿರಬಾರದು. ಮೇಲ್ನೋಟಕ್ಕೆ ಇದು ನ್ಯಾಯವಾದ ಷರತ್ತು. ಆದರೆ ಇದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಕಾರು, ಬೈಕು ಅಲ್ಲ ಎಂಬುದು ಓದುತ್ತಲೇ ತಿಳಿಯುತ್ತದೆ. ಬೈಕಿಗೆ ಕಾರಿನಂಥ ಬಾಡಿ ಇಲ್ಲ. ಅದರ ಫ್ರೇಮು, ಮುಂದಿನ ಫೋರ್ಕು, ಹಿಂದಿನ ಸ್ವಿಂಗ್ ಆರ್ಮು, ಎರಡು ಶಾಕ್‌ಗಳು ಸೇರಿಯೇ ಅದು ನೆಟ್ಟಗೆ ಓಡುತ್ತದೋ ಓಲಾಡುತ್ತದೋ ಎಂಬುದು ತೀರ್ಮಾನವಾಗುತ್ತದೆ. ನಿಯಮದಲ್ಲಿ ಚಾಸಿಯ ಹೆಸರಿದೆ, ಸಸ್ಪೆನ್ಷನ್ನಿನ ಹೆಸರಿಲ್ಲ. ಈ ಮೌನದಿಂದಾಗಿ, ಸವೆದ ಶಾಕ್ ತೆಗೆದು ಒಳ್ಳೆಯದನ್ನು ಹಾಕಿಸಿಕೊಂಡವನೂ ಫ್ರೇಮನ್ನು ಗರಗಸದಲ್ಲಿ ಕೊಯ್ದವನೂ ಅಧಿಕಾರಿಯ ಮುಂದೆ ಒಂದೇ ಸಾಲಿನಲ್ಲಿ ನಿಲ್ಲಬೇಕಾಗಬಹುದು. ಇವೆರಡನ್ನೂ ಬೇರ್ಪಡಿಸುವ ಗೆರೆಯೊಂದು ಬೇಕು, ಅದನ್ನು ಎಳೆಯುವುದಕ್ಕೆ ಗುಜರಾತ್ ತಕ್ಕ ಜಾಗ ಎಂಬುದು ಈ ಲೇಖನದ ವಾದ.

ಗುಜರಾತೇ ಏಕೆ? ಹಳೆ ವಾಹನಗಳ ಬಗ್ಗೆ ಇರುವ ಎರಡು ಬಗೆಯ ಪ್ರೀತಿಯೂ ಅಲ್ಲಿ ಒಟ್ಟಿಗೇ ಕಾಣುತ್ತದೆ. ಅಹಮದಾಬಾದಿನ ಕಠವಾಡಾ ಬಳಿಯ ದಾಸ್ತಾನ್ ಎಸ್ಟೇಟಿನಲ್ಲಿ ಪ್ರಾಣಲಾಲ್ ಭೋಗಿಲಾಲ್ ಅವರ ಪ್ರಸಿದ್ಧ ಸಂಗ್ರಹದ ಮ್ಯೂಸಿಯಂ ಇದೆ. ಅಲ್ಲಿ ವಾಹನ ನೋಡುವ ವಸ್ತು. ವಡೋದರಾದ ಲಕ್ಷ್ಮೀ ವಿಲಾಸ್ ಅರಮನೆಯ ಆವರಣದಲ್ಲಿ 2023ರ ಜನವರಿಯಲ್ಲಿ ನಡೆದ ವಿಂಟೇಜ್ ವಾಹನಗಳ ಸ್ಪರ್ಧಾ ಪ್ರದರ್ಶನದಂಥ ಕಡೆ ತೀರ್ಪುಗಾರರು ಮೂಲರೂಪಕ್ಕೆ ಅಂಕ ಕೊಡುತ್ತಾರೆ. ಇನ್ನೊಂದೆಡೆ ಹಳೆ ಬುಲೆಟ್, ಜಾವಾ, ಯೆಜ್ಡಿ, ರಾಜ್‌ದೂತ್‌ಗಳನ್ನು ಓಡಿಸುವುದಕ್ಕೆಂದೇ ಇಟ್ಟುಕೊಂಡವರು ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆ ಇದ್ದಾರೆ. ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್‌ವೇಗೆ ದ್ವಿಚಕ್ರ ವಾಹನಗಳು ಹೋಗುವಂತಿಲ್ಲ. ಹಾಗಾಗಿ ಈ ಊರುಗಳ ನಡುವೆ ಓಡಾಡುವ ಬೈಕು ಲಾರಿಗಳಿಂದ ಕಿಕ್ಕಿರಿದ ಹಳೆ ಹೆದ್ದಾರಿಯನ್ನೇ ಹಿಡಿಯಬೇಕು. ‘ವಿಎ’ ನಂಬರಿನ ಬೈಕನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ನಿಜ. ಆದರೆ ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ರಸ್ತೆಗಿಳಿಯಲು ನಿಯಮವೇ ಅನುಮತಿ ಕೊಡುತ್ತದೆ. ರಸ್ತೆಗಿಳಿದ ಮೇಲೆ ಎದುರಿನ ಲಾರಿಗೆ ಇದು ವಿಂಟೇಜ್ ಎಂಬ ರಿಯಾಯಿತಿ ಗೊತ್ತಿರುವುದಿಲ್ಲ. ಇನ್ನು ಐವತ್ತು ತುಂಬದ ಯೆಜ್ಡಿ ರೋಡ್‌ಕಿಂಗ್, ರಾಜ್‌ದೂತ್ 350, ಆರ್‌ಎಕ್ಸ್ 100ಗಳು ಸಾಮಾನ್ಯ ನೋಂದಣಿಯಲ್ಲೇ ಇದ್ದು ದಿನವೂ ಓಡುತ್ತವೆ.

ಮೂಲರೂಪ ಎಂಬುದನ್ನೇ ಮೊದಲು ಪರಿಶೀಲಿಸೋಣ. 1932ರಲ್ಲಿ ಬಂದ ಮೊದಲ ಬುಲೆಟ್‌ಗೆ ಹಿಂದುಗಡೆ ಸಸ್ಪೆನ್ಷನ್ನೇ ಇರಲಿಲ್ಲ. ಹಿಂದಿನ ಚಕ್ರವನ್ನು ನೇರವಾಗಿ ಫ್ರೇಮಿಗೇ ಕೂರಿಸಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1948–49ರ ಹೊತ್ತಿಗೆ, ಅದೇ ಹೆಸರಿನ ಬೈಕು ಸ್ವಿಂಗ್ ಆರ್ಮು ಮತ್ತು ಎಣ್ಣೆ ತುಂಬಿದ ಶಾಕ್‌ಗಳೊಂದಿಗೆ ಮರಳಿ ಬಂತು. ಆ ಕಾಲಕ್ಕೆ ಅದು ಬಲು ಹೊಸದು. ಆಫ್‌ರೋಡ್ ಸ್ಪರ್ಧೆಗಳಲ್ಲಿ ಅದನ್ನು ಕಂಡ ಹಳಬರು ಮೂಗು ಮುರಿದದ್ದೂ ಉಂಟು. 1955ರಿಂದ ಮದರಾಸಿನಲ್ಲಿ ತಯಾರಾಗಿ ನಾವೆಲ್ಲ ‘ಅಸಲಿ’ ಎಂದು ಕೊಂಡಾಡುವ ಬುಲೆಟ್ ಹೀಗೆ ಸುಧಾರಿತ ಬುಲೆಟ್ಟೇ. ಜಾವಾದ್ದೂ ಅದೇ ಕಥೆ. ಯುದ್ಧಾನಂತರದ ಜಾವಾ ಪೆರಾಕ್‌ನಲ್ಲಿ ಹಿಂದಿನ ಚಕ್ರ ಒಂದಿಷ್ಟೇ ಮೇಲೆ ಕೆಳಗೆ ಸರಿಯುವ ಪ್ಲಂಜರ್ ಇತ್ತು. 1954ರ ಮಾದರಿಯಲ್ಲಿ ಅದು ಹೋಗಿ ಸ್ವಿಂಗ್ ಆರ್ಮ್ ಬಂತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಬೈಕುಗಳ ವಂಶ ಈ ಬದಲಾವಣೆಯ ನಂತರದ್ದು. ಅಂದರೆ ತಯಾರಕರೇ ತಮ್ಮ ಬೈಕಿನ ನಡಿಗೆಯನ್ನು ಒಂದೇ ಸಮನೆ ತಿದ್ದುತ್ತ ಬಂದಿದ್ದಾರೆ. ಯಾವುದೋ ಒಂದು ವರ್ಷದ ಶಾಕ್ ಅಬ್ಸಾರ್ಬರನ್ನು ಮುಟ್ಟಬಾರದ ಮೂಲವೆಂದು ಘೋಷಿಸುವುದಕ್ಕೆ ಆ ಬೈಕುಗಳ ಚರಿತ್ರೆಯೇ ಒಪ್ಪುವುದಿಲ್ಲ.

ನಡಿಗೆ ಸುಧಾರಿಸುವುದರಿಂದ ಎಷ್ಟು ಫಲ ಎಂಬುದಕ್ಕೆ ಬಲವಾದ ಸಾಕ್ಷಿ 1950ರದ್ದು. ಬ್ರಿಟನ್ನಿನ ನಾರ್ಟನ್ ಕಂಪನಿಯ ರೇಸಿಂಗ್ ಎಂಜಿನ್ ಆ ಹೊತ್ತಿಗೆ ಹಳೆಯದಾಗಿತ್ತು. ನಾಲ್ಕು ಸಿಲಿಂಡರಿನ ಇಟಾಲಿಯನ್ ಬೈಕುಗಳು ಶಕ್ತಿಯಲ್ಲಿ ಅದನ್ನು ಮೀರಿಸಿದ್ದವು. ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್‌ಲೆಸ್ ರೂಪಿಸಿದ ಫೆದರ್‌ಬೆಡ್ ಎಂಬ ಜೋಡಿ ಕೊಳವೆಯ ಹೊಸ ಫ್ರೇಮಿಗೆ ಆ ಎಂಜಿನನ್ನು ಕೂರಿಸಿದರು. ಅದೇ ವರ್ಷ ಐಲ್ ಆಫ್ ಮ್ಯಾನ್ ಸೀನಿಯರ್ ಟಿಟಿ ರೇಸಿನಲ್ಲಿ ಜೆಫ್ ಡ್ಯೂಕ್ ಗೆದ್ದರು. ಎರಡನೆಯ, ಮೂರನೆಯ ಸ್ಥಾನಗಳೂ ನಾರ್ಟನ್‌ಗೇ ಹೋದವು. ನಮ್ಮ ಕಾಲಕ್ಕೆ ಬಂದರೆ ಬುಲೆಟ್ ತಯಾರಿಸುವ ರಾಯಲ್ ಎನ್‌ಫೀಲ್ಡ್ ಕಂಪನಿಯೇ ಸಾಕ್ಷಿ ನುಡಿಯುತ್ತದೆ. ರೇಸಿಂಗ್ ಫ್ರೇಮುಗಳಿಗೆ ಹೆಸರಾದ ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್ ಸಂಸ್ಥೆ ಕಾಂಟಿನೆಂಟಲ್ ಜಿಟಿಯ ಫ್ರೇಮಿನಲ್ಲಿ ಕೈಜೋಡಿಸಿತ್ತು. 2015ರಲ್ಲಿ ಆ ಸಂಸ್ಥೆಯನ್ನೇ ಎನ್‌ಫೀಲ್ಡ್ ಕೊಂಡುಕೊಂಡಿತು. ಎಂಜಿನ್ನನ್ನೇ ಫ್ರೇಮಿನ ಒಂದು ಭಾಗವಾಗಿ ನೆಚ್ಚಿಕೊಂಡಿದ್ದ, ಮುಂದೆ ಒಂದೇ ಕೊಳವೆಯ ಹಳೆ ವಿನ್ಯಾಸವನ್ನು ಬಿಟ್ಟು 2021ರ ಕ್ಲಾಸಿಕ್ 350ಗೆ ಜೋಡಿ ಕೊಳವೆಯ ಫ್ರೇಮು ಕೊಟ್ಟಿತು. ಹಳೆ ಕ್ಲಾಸಿಕ್ಕಿನಲ್ಲಿ 35 ಮಿ.ಮೀ. ಇದ್ದ ಫೋರ್ಕ್ ಕೊಳವೆ 41 ಮಿ.ಮೀ. ಆಯಿತು. ಗೋಡೆಯ ದಪ್ಪ ಒಂದೇ ಎಂದುಕೊಂಡರೆ, ಈ ಆರು ಮಿಲಿಮೀಟರಿನಿಂದ ಕೊಳವೆ ಬಾಗದೆ ನಿಲ್ಲುವ ಶಕ್ತಿ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಹಳೆ ಚೆಲುವಿಗೆ ಹೊಸ ಎಲುಬು ಬೇಕು ಎಂಬುದನ್ನು ತಯಾರಕರೇ ಒಪ್ಪಿದ ಮೇಲೆ, ಅದೇ ಆಸೆ ಹಳೆ ಬೈಕಿನ ಮಾಲೀಕನಿಗೆ ಬಂದರೆ ಅದು ಹುಚ್ಚಲ್ಲ.

ಆದರೆ ಆಸೆಯ ಹಿಂದೆ ಓಡುವ ಮೊದಲು, ಹಳೆ ಬೈಕು ಯಾಕೆ ಓಲಾಡುತ್ತದೆ ಎಂಬುದನ್ನು ಸರಿಯಾಗಿ ಕೇಳಿಕೊಳ್ಳಬೇಕು. ಬಹಳ ಸಲ ಉತ್ತರ ವಿನ್ಯಾಸದಲ್ಲಿರುವುದಿಲ್ಲ, ಸವೆತದಲ್ಲಿರುತ್ತದೆ. ಸ್ವಿಂಗ್ ಆರ್ಮಿನ ಬುಷ್ ಸವೆದು ಪಕ್ಕಕ್ಕೆ ಆಟ ಬಂದಿದ್ದರೆ ಹಿಂದಿನ ಚಕ್ರ ತಿರುವಿನಲ್ಲಿ ತನ್ನದೇ ದಾರಿ ಹಿಡಿಯುತ್ತದೆ. ಹ್ಯಾಂಡಲಿನ ಕೋನ್ ಸೆಟ್ಟಿನಲ್ಲಿ ಗುಂಡುಗಳು ಕೂತು ಕೂತು ಗುಳಿ ಬಿದ್ದಿದ್ದರೆ ಹ್ಯಾಂಡಲ್ ನಡುವಿನಲ್ಲಿ ಕಚ್ಚಿಕೊಂಡಂತಾಗಿ, ನೆಟ್ಟಗೆ ಹೋಗುವಾಗಲೂ ಬೈಕು ಸಣ್ಣಗೆ ಹಾವಿನ ನಡೆ ನಡೆಯುತ್ತದೆ. ಬಾಗಿದ ಫೋರ್ಕ್ ಕೊಳವೆ, ಸಡಿಲ ಸ್ಪೋಕು, ಒಂದಕ್ಕೊಂದು ಹೊಂದದ ಟೈರುಗಳು ಇದಕ್ಕೆ ಸೇರಿಕೊಳ್ಳುತ್ತವೆ. ಊರಿನ ಹವೆಯೂ ತನ್ನ ಪಾಲು ಪಡೆಯುತ್ತದೆ. 2016ರ ಮೇ 20ರಂದು ಅಹಮದಾಬಾದಿನಲ್ಲಿ ಉಷ್ಣಾಂಶ 48 ಡಿಗ್ರಿ ಮುಟ್ಟಿತ್ತು. ಅಂಥ ಬಿಸಿಲಿನಲ್ಲಿ ಫೋರ್ಕಿನೊಳಗಿನ ಎಣ್ಣೆ ತೆಳುವಾಗಿ, ಮೊದಲೇ ದಣಿದಿರುವ ಡ್ಯಾಂಪಿಂಗ್, ಅಂದರೆ ಓಲಾಟ ತಡೆಯುವ ಗುಣ, ಇನ್ನಷ್ಟು ಸೋಲುತ್ತದೆ. ಸಮುದ್ರಕ್ಕೆ ಹತ್ತಿರದ ಸೂರತ್ತಿನ ತೇವದಲ್ಲಿ ಫೋರ್ಕ್ ಕೊಳವೆಯ ಕ್ರೋಮಿಗೆ ತುಕ್ಕಿನ ಚುಕ್ಕೆ ಬೀಳುತ್ತದೆ. ಆ ಚುಕ್ಕೆ ಆಯಿಲ್ ಸೀಲನ್ನು ಹರಿಯುತ್ತದೆ, ಎಣ್ಣೆ ಸೋರುತ್ತದೆ. ಇವನ್ನೆಲ್ಲ ಸರಿಪಡಿಸದೆ ದುಬಾರಿ ಶಾಕ್ ಕೊಂಡರೆ ಹಣ ಹೊಳೆಗೆ ಸುರಿದಂತೆ. ಹಾಗಾಗಿ ನಡಿಗೆ ಸುಧಾರಣೆಯ ಮೊದಲ ಮೆಟ್ಟಿಲು ಬೈಕನ್ನು ಅದು ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ತರುವುದು. ಇದಕ್ಕೆ ಯಾವ ಕಾನೂನಿನ ಆಕ್ಷೇಪವೂ ಇಲ್ಲ. ಎಷ್ಟೋ ಬೈಕುಗಳಿಗೆ ಇಷ್ಟೇ ಸಾಕಾಗಬಹುದು.

ಎರಡನೆಯ ಮೆಟ್ಟಿಲು ಸಸ್ಪೆನ್ಷನ್. ಇಲ್ಲಿ ಗ್ಯಾರೇಜುಗಳಲ್ಲಿ ಬೇರೂರಿದ ತಪ್ಪು ತಿಳಿವಳಿಕೆಯೊಂದಿದೆ: ಶಾಕ್‌ನ ಕೆಳಗಿನ ಉಂಗುರ ತಿರುಗಿಸಿ ಸ್ಪ್ರಿಂಗನ್ನು ಬಿಗಿ ಮಾಡಿದರೆ ಅದು ಗಟ್ಟಿಯಾಗುತ್ತದೆ ಎಂದು. ಸಾಮಾನ್ಯ ಸ್ಪ್ರಿಂಗಿನ ಬಿಗುವು ಅದರ ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆಯಿಂದ ತೀರ್ಮಾನವಾಗುತ್ತದೆ. ಉಂಗುರ ತಿರುಗಿಸಿದರೆ ಬದಲಾಗುವುದು ಬೈಕು ನಿಲ್ಲುವ ಎತ್ತರ ಮಾತ್ರ. ಸವಾರ ಕೂತಾಗ ಸಸ್ಪೆನ್ಷನ್ ತನ್ನ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿದರೆ ಸ್ಪ್ರಿಂಗು ಆ ಭಾರಕ್ಕೆ ಹೊಂದುತ್ತದೆ ಎಂದು ಲೆಕ್ಕ. ಅದಕ್ಕಿಂತ ಕಡಿಮೆ ಇಳಿದರೆ ಚಕ್ರ ಗುಂಡಿಯೊಳಗೆ ಇಳಿಯದೆ ಹಾರುತ್ತದೆ, ಹೆಚ್ಚು ಇಳಿದರೆ ಉಬ್ಬಿನ ಮೇಲೆ ತಳ ಹೊಡೆಯುತ್ತದೆ. ಇನ್ನು ಡ್ಯಾಂಪಿಂಗ್: ಹಳೆ ಫೋರ್ಕುಗಳಲ್ಲಿ ಎಣ್ಣೆ ಕೆಲವೇ ತೂತುಗಳ ಮೂಲಕ ನುಗ್ಗಬೇಕು. ನುಗ್ಗುವ ವೇಗ ಎರಡರಷ್ಟಾದರೆ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಹಾಗಾಗಿ ನಿಧಾನದ ಓಲಾಟದಲ್ಲಿ ಫೋರ್ಕು ಮೆತ್ತಗೆ, ಚೂಪಾದ ಗುಂಡಿಯಲ್ಲಿ ಕಲ್ಲು. ಸವಾರನ ತೂಕಕ್ಕೆ ತಕ್ಕ ಸ್ಪ್ರಿಂಗು, ಸರಿಯಾದ ದಪ್ಪದ ಎಣ್ಣೆ, ವಾಲ್ವು ಇರುವ ಒಳಭಾಗ, ಮರುಜೋಡಣೆ ಮಾಡಬಹುದಾದ ಶಾಕ್, ಗುಂಡುಗಳ ಬದಲು ಟೇಪರ್ ರೋಲರ್ ಬೇರಿಂಗ್, ಗಟ್ಟಿ ಬುಷ್ ಇಷ್ಟರಿಂದಲೇ ಬೈಕಿನ ನಡತೆ ಬೇರೆಯಾಗುತ್ತದೆ. ಇವುಗಳಲ್ಲಿ ಬಹುಪಾಲು ಹೊರಗಿನಿಂದ ಕಾಣುವುದೂ ಇಲ್ಲ. ಎಲ್ಲವನ್ನೂ ಬಿಚ್ಚಿ ಹಳೆಯದನ್ನು ಮರಳಿ ಜೋಡಿಸಬಹುದು.

ಮೂರನೆಯ ಮೆಟ್ಟಿಲು ಫ್ರೇಮು. ಇಲ್ಲಿ ಕಥೆಯ ಧಾಟಿಯೇ ಬದಲಾಗುತ್ತದೆ. ಫ್ರೇಮಿನ ಕೋನಗಳು, ಚಕ್ರದ ಗಾತ್ರ, ಫೋರ್ಕಿನ ಉದ್ದ ಒಂದಕ್ಕೊಂದು ಕಟ್ಟುಬಿದ್ದಿವೆ. ಹ್ಯಾಂಡಲಿನ ಅಕ್ಷ ನೆಲ ಮುಟ್ಟುವ ಬಿಂದುವಿಗಿಂತ ಟೈರು ನೆಲ ಮುಟ್ಟುವ ಬಿಂದು ಹಿಂದಿರುತ್ತದೆ. ಈ ಅಂತರವೇ ಟ್ರೇಲ್, ಬೈಕನ್ನು ನೆಟ್ಟಗೆ ಹಿಡಿಯುವುದು ಮುಖ್ಯವಾಗಿ ಇದು. ಬುಲೆಟ್ಟಿನ 19 ಇಂಚಿನ ಮುಂಚಕ್ರ ತೆಗೆದು ಹೊಸ ಬೈಕಿನ 17 ಇಂಚಿನ ಚಕ್ರ ಹಾಕಿದರೆ ಟೈರೂ ಸೇರಿ ತ್ರಿಜ್ಯ ಸುಮಾರು 30 ಮಿ.ಮೀ. ಇಳಿಯುತ್ತದೆ. ಹ್ಯಾಂಡಲಿನ ಕೋನ 27 ಡಿಗ್ರಿ ಎಂದು ಹಿಡಿದರೆ ಅಷ್ಟರಿಂದಲೇ ಟ್ರೇಲ್ ಸುಮಾರು 15 ಮಿ.ಮೀ. ಕಡಿಮೆಯಾಗುತ್ತದೆ, ಮುಂಭಾಗ ತಗ್ಗಿ ಕೋನವೇ ನೆಟ್ಟಗಾಗುವುದರಿಂದ ಇನ್ನಷ್ಟು ಕಳೆಯುತ್ತದೆ. ಊರೊಳಗೆ ಚುರುಕಾಯಿತು ಎನಿಸಿದ ಬೈಕು ಹೆದ್ದಾರಿಯ ವೇಗದಲ್ಲಿ ಹ್ಯಾಂಡಲ್ ಒದರತೊಡಗಬಹುದು. ಹೊಸ ಬೈಕಿನ ದಪ್ಪ ಫೋರ್ಕನ್ನು ಹಳೆ ಫ್ರೇಮಿಗೆ ಹಾಕಿದರೆ ಬ್ರೇಕಿನ ಹೊಡೆತವೆಲ್ಲ ಹ್ಯಾಂಡಲಿನ ಕತ್ತಿನ ಜಾಗಕ್ಕೆ ಬೀಳುತ್ತದೆ. ಆ ಜಾಗ ಅಂಥ ಹೊಡೆತಕ್ಕೆ ಲೆಕ್ಕ ಹಾಕಿದ್ದಲ್ಲ. ಫ್ರೇಮನ್ನು ಗಟ್ಟಿ ಮಾಡುತ್ತೇವೆಂದು ಪಟ್ಟಿ ಬೆಸೆದರೆ ಬೆಸುಗೆಯ ಪಕ್ಕದ ಉಕ್ಕಿನ ಗುಣ ಬಿಸಿಯಿಂದ ಬದಲಾಗಿ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಒಂದು ಕಡೆ ಗಟ್ಟಿ ಮಾಡಿದರೆ ಬಾಗುವ ಕೆಲಸ ಪಕ್ಕದ ಕೊಳವೆಗೆ ವರ್ಗವಾಗುತ್ತದೆ, ಅಷ್ಟೆ. ಫೆದರ್‌ಬೆಡ್ ಫ್ರೇಮನ್ನು ಇಡಿಯಾಗಿ ಹೊಸದಾಗಿ ರೂಪಿಸಿದ್ದರು. ಹಳೆ ಫ್ರೇಮಿಗೆ ತೇಪೆ ಹಾಕಿ ಆದದ್ದಲ್ಲ.

ಹೀಗೆ ನೋಡಿದರೆ ಗೆರೆ ಎಲ್ಲಿ ಬೀಳಬೇಕು ಎಂಬುದು ಸ್ಪಷ್ಟ. ಹಳೆ ತೊಟ್ಟಿಮನೆಯ ಒಡೆದ ಹೆಂಚು ಬದಲಿಸುವುದು ಬೇರೆ, ಕಂಬ ಕೊಯ್ಯುವುದು ಬೇರೆ. ಮೊದಲನೆಯದರಿಂದ ಮನೆ ಉಳಿಯುತ್ತದೆ, ಎರಡನೆಯದರಿಂದ ಮನೆಯ ರಚನೆಯೇ ಹೋಗುತ್ತದೆ. ಬೈಕಿನಲ್ಲಿ ಬೋಲ್ಟು ಬಿಚ್ಚಿ ಮೂಲಕ್ಕೆ ಮರಳಿಸಬಹುದಾದ ಎಲ್ಲ ಬದಲಾವಣೆ ಒಂದು ಬಗೆ. ಕೊಯ್ದು, ಕೊರೆದು, ಬೆಸೆದು ಮಾಡಿದ, ಹಿಂದಕ್ಕೆ ತರಲಾಗದ ಬದಲಾವಣೆ ಇನ್ನೊಂದು ಬಗೆ. ನಮ್ಮ ಕಾನೂನು ಈಗ ಕೇಳುವ ಪ್ರಶ್ನೆ ‘ಬದಲಾಗಿದೆಯೇ?’ ಎಂಬುದು. ಅದು ಕೇಳಬೇಕಾದದ್ದು ‘ಮರಳಿಸಬಹುದೇ, ಮತ್ತು ಭದ್ರವಾಗಿದೆಯೇ?’ ಎಂಬುದನ್ನು. ಮೊದಲ ಬಗೆಗೆ ಮುಕ್ತ ಅನುಮತಿ ಇರಲಿ, ಷರತ್ತು ಎರಡೇ. ಹಳೆ ಬಿಡಿಭಾಗಗಳನ್ನು ಜೋಪಾನವಾಗಿಡಬೇಕು, ಏನು ಬದಲಾಯಿಸಿದೆ ಎಂಬುದನ್ನು ಬರೆದಿಟ್ಟು ತಪಾಸಣೆಗೆ ತೋರಿಸಬೇಕು. ಎರಡನೆಯ ಬಗೆಗೆ ‘ವಿಎ’ ನಂಬರ್ ಸಿಗಬಾರದು. ಸಾಮಾನ್ಯ ನೋಂದಣಿಯ ಬೈಕಾದರೂ ಎಂಜಿನಿಯರಿನ ಲಿಖಿತ ಪ್ರಮಾಣಪತ್ರವಿಲ್ಲದೆ ರಸ್ತೆಗೆ ಬರಬಾರದು.

ಕಾನೂನಿನ ಈಗಿನ ಸ್ಥಿತಿ ಹೀಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಆದರೆ ಮೂಲ ರಚನೆಯನ್ನು ಮುಟ್ಟದ ಸಣ್ಣ ಜೋಡಣೆಗಳಿಗೆ ಅವಕಾಶ ಬಿಟ್ಟಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸುವ ದಾರಿ ಮಾಡಿತು. ಸಸ್ಪೆನ್ಷನ್ ಸ್ಪ್ರಿಂಗು ನೋಂದಣಿ ಪತ್ರದಲ್ಲಿ ದಾಖಲಾಗುವ ವಿವರವಲ್ಲ. ಹಾಗಾಗಿ ಅದು ತಪ್ಪಲ್ಲ ಎಂದು ವಾದಿಸಬಹುದು. ಆದರೆ ವಾದಿಸಬೇಕಾದ ಪರಿಸ್ಥಿತಿಯೇ ಸರಿಯಲ್ಲ. ಸುರಕ್ಷತೆಗೆಂದು ಒಳ್ಳೆಯ ಬಿಡಿಭಾಗ ಹಾಕಿಸಿದವನು ಅದನ್ನು ಮುಚ್ಚಿಡುತ್ತಾನೆ, ತಪಾಸಣೆಗೆ ಮುನ್ನ ಸವೆದ ಹಳೆಯದನ್ನು ಹಾಕಿಸಿಕೊಂಡು ಬರುತ್ತಾನೆ. ಕಾನೂನು ಅಸ್ಪಷ್ಟವಾಗಿದ್ದಾಗ ಆಗುವುದು ಇದೇ: ತಪಾಸಣಾಧಿಕಾರಿ ನೋಡುವ ಬೈಕೇ ಒಂದು, ರಸ್ತೆಯಲ್ಲಿ ಓಡುವ ಬೈಕೇ ಇನ್ನೊಂದು.

ಪರಂಪರೆಯ ಪರ ಇರುವವರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಂದು ಶಾಕ್, ನಾಳೆ ಫೋರ್ಕ್, ನಾಡಿದ್ದು ಚಕ್ರ ಎಂದು ಹೋದರೆ ಕೊನೆಗೆ ಉಳಿಯುವುದು ಟ್ಯಾಂಕಿನ ಮೇಲಿನ ಹೆಸರು ಮಾತ್ರ ಎಂಬ ಅವರ ಭಯ ನಿಜವಾದದ್ದೇ. ಗುಜರಾತಿನಲ್ಲೇ ಅದಕ್ಕೆ ಉದಾಹರಣೆ ಇದೆ: ಸೌರಾಷ್ಟ್ರದ ಛಕಡೋ ರಿಕ್ಷಾ. ಬುಲೆಟ್ಟಿನ ಮುಂಭಾಗಕ್ಕೆ ಹಿಂದೆ ಎರಡು ಚಕ್ರದ ಗಾಡಿ ಜೋಡಿಸಿ ಹಳ್ಳಿಗಾಡಿಗೆ ಸಾರಿಗೆ ಒದಗಿಸಿದ ಆ ಜಾಣ್ಮೆ ಮೆಚ್ಚತಕ್ಕದ್ದೇ. ಆದರೆ ಹಾಗೆ ಬಳಕೆಯಾದ ಬುಲೆಟ್ಟು ಮತ್ತೆ ಬುಲೆಟ್ಟಾಗುವುದು ಕಷ್ಟ. ಈ ಭಯಕ್ಕೆ ಉತ್ತರ ಎಲ್ಲವನ್ನೂ ನಿಷೇಧಿಸುವುದಲ್ಲ, ಮರಳಿಸಬಹುದಾದದ್ದಕ್ಕೆ ಮಾತ್ರ ಒಪ್ಪುವುದು. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಕೂಡ, ಬಳಕೆಗೆ ಅನಿವಾರ್ಯವಾದ ಬದಲಾವಣೆಗಳು ಕನಿಷ್ಠವಾಗಿರಲಿ, ಮರಳಿಸುವಂತಿರಲಿ, ತೆಗೆದ ಮೂಲಭಾಗಗಳು ಉಳಿಯಲಿ ಎಂಬ ನಿಲುವನ್ನೇ ತಾಳಿದೆ. ಜರ್ಮನಿಯಲ್ಲಿ ಮೂವತ್ತು ವರ್ಷ ದಾಟಿದ ವಾಹನಕ್ಕೆ ಸಿಗುವ ‘ಎಚ್’ ನಂಬರು ಆ ಕಾಲದಲ್ಲಿ ಚಾಲ್ತಿಯಲ್ಲಿದ್ದ ಮಾರ್ಪಾಡುಗಳನ್ನು ಒಪ್ಪುತ್ತದೆ. ಬ್ರಿಟನ್ 2018ರಲ್ಲಿ ನಲವತ್ತು ವರ್ಷ ದಾಟಿದ ವಾಹನಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಕೊಟ್ಟಾಗ ಭಾರೀ ಮಾರ್ಪಾಡು ಆದವನ್ನು ಹೊರಗಿಟ್ಟಿತು. ಆದರೆ ಸಸ್ಪೆನ್ಷನ್, ಸ್ಟಿಯರಿಂಗ್‌ಗಳಲ್ಲಿ ಸುರಕ್ಷತೆ ಹೆಚ್ಚಿಸಲು ಮಾಡಿದ್ದನ್ನು ಭಾರೀ ಮಾರ್ಪಾಡೆಂದು ಎಣಿಸಬೇಕಿಲ್ಲ ಎಂದು ಮಾರ್ಗಸೂಚಿಯಲ್ಲೇ ಬರೆಯಿತು. ಹಳೆ ಬೈಕುಗಳನ್ನು ನಮಗಿಂತ ಮೊದಲೇ ಆರಾಧಿಸಿದ ದೇಶಗಳು ಪರಂಪರೆಯನ್ನು ಕಳೆದುಕೊಳ್ಳದೆ ಈ ವ್ಯತ್ಯಾಸ ಗುರುತಿಸಿವೆ.

ಇನ್ನೊಂದು ಆಕ್ಷೇಪ ಅಧಿಕಾರಿಗಳದ್ದು. ಒಮ್ಮೆ ಬಾಗಿಲು ತೆರೆದರೆ ಯಾರು ಪರೀಕ್ಷಿಸಬೇಕು, ಬೀದಿಬದಿಯ ಕೆಲಸಕ್ಕೆ ಹೊಣೆ ಯಾರು? ಈ ಪ್ರಶ್ನೆಗೆ ಗುಜರಾತಿನ ರಸ್ತೆಗಳಲ್ಲೇ ಉತ್ತರ ಓಡಾಡುತ್ತಿದೆ. ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸುವುದು ಶಾಕ್ ಬದಲಿಸುವುದಕ್ಕಿಂತ ಎಷ್ಟೋ ಪಾಲು ಅಪಾಯದ ಕೆಲಸ. ಒತ್ತಡದಲ್ಲಿ ಅನಿಲ ತುಂಬಿದ ಸಿಲಿಂಡರು ಸೀಟಿನ ಹಿಂದೆ ಕೂರುತ್ತದೆ. ಆದರೂ ಅನುಮೋದಿತ ಕಿಟ್, ಅಧಿಕೃತ ಜೋಡಣೆ, ನೋಂದಣಿ ಪತ್ರದಲ್ಲಿ ನಮೂದು, ಕಾಲಕಾಲಕ್ಕೆ ಸಿಲಿಂಡರ್ ಪರೀಕ್ಷೆ ಎಂಬ ಕ್ರಮದಲ್ಲಿ ಅದು ನಡೆದುಬಂದಿದೆ. ವಾಹನ ಬದಲಾವಣೆ ಮತ್ತು ಮರುಜೋಡಣೆಗೆ ಷರತ್ತುಗಳನ್ನು ಗೊತ್ತುಪಡಿಸುವ ಅಧಿಕಾರವನ್ನು 2019ರ ತಿದ್ದುಪಡಿ ಕೇಂದ್ರ ಸರ್ಕಾರಕ್ಕೆ ಕೊಟ್ಟೂ ಇದೆ. ಪರಿಣತಿಯ ಕೊರತೆಯೂ ಇಲ್ಲ. ವಡೋದರಾದಲ್ಲಿ 1890ರ ಕಲಾಭವನದಿಂದ ಬೆಳೆದು ಬಂದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ತಂತ್ರಜ್ಞಾನ ವಿಭಾಗವಿದೆ; ಅಹಮದಾಬಾದಿನಲ್ಲಿ 1948ರ ಎಲ್.ಡಿ. ಎಂಜಿನಿಯರಿಂಗ್ ಕಾಲೇಜು, ಸೂರತ್ತಿನಲ್ಲಿ 1961ರಲ್ಲಿ ಆರಂಭವಾಗಿ ಈಗ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿರುವ ಕಾಲೇಜು ಇವೆ. ವಟವಾ, ಮಕರ್ಪುರಾ, ಉಧನಾದಂಥ ಕೈಗಾರಿಕಾ ಪ್ರದೇಶಗಳಲ್ಲಿ ಲೇತು, ಗ್ರೈಂಡಿಂಗ್, ಪ್ಲೇಟಿಂಗ್ ಬಲ್ಲ ಕೈಗಳಿವೆ. ಬಿರುಕು ಪತ್ತೆಗೆ ಬಣ್ಣದ ದ್ರವದ ಪರೀಕ್ಷೆ, ಫ್ರೇಮು ನೆಟ್ಟಗಿದೆಯೇ ಎಂದು ಜಿಗ್ಗಿನ ಮೇಲೆ ಅಳೆಯುವುದು ಈ ಊರುಗಳಿಗೆ ಹೊಸ ವಿದ್ಯೆಯಲ್ಲ. ವಿಂಟೇಜ್ ವಾಹನ ಪರಿಶೀಲನೆಗೆ ರಾಜ್ಯಮಟ್ಟದ ಸಮಿತಿ ಇರಬೇಕೆಂದು ನಿಯಮವೇ ಹೇಳುತ್ತದೆ. ಅದರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಬೋಧಕರೊಬ್ಬರನ್ನು ಕೂರಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ಒಳ್ಳೆಯ ಶಾಕ್ ಹಾಕಿದರೆ ಸವಾರ ಇನ್ನೂ ವೇಗವಾಗಿ ಓಡಿಸುತ್ತಾನೆ, ಡ್ರಮ್ ಬ್ರೇಕು ಅದನ್ನು ತಡೆಯಲಾರದು ಎಂಬ ಮಾತೂ ಇದೆ. ಈ ಮಾತಿನಲ್ಲಿ ಸತ್ಯವಿದೆ, ಆದರೆ ಅದು ಹೇಳುವುದು ಬ್ರೇಕನ್ನೂ ನೋಡಿಕೊಳ್ಳಿ ಎಂದೇ ಹೊರತು ಶಾಕನ್ನು ಕೆಟ್ಟಂತೆಯೇ ಬಿಡಿ ಎಂದಲ್ಲ. ಹಳೆ ಬುಲೆಟ್ಟಿನ ಎಂಜಿನ್ ಶಕ್ತಿ ಸೀಮಿತ; ಸಸ್ಪೆನ್ಷನ್ ಬದಲಿಸಿದ್ದರಿಂದ ಅದು ಹೆಚ್ಚುವುದಿಲ್ಲ. ಹೆಚ್ಚುವುದು ಗುಂಡಿ ತಪ್ಪಿಸುವಾಗ, ಎದುರು ಬಂದ ವಾಹನಕ್ಕೆ ದಾರಿ ಬಿಡುವಾಗ ಚಕ್ರ ನೆಲ ಬಿಡದೆ ಹಿಡಿದುಕೊಳ್ಳುವ ಗುಣ. ಬ್ರೇಕು ಕೂಡ ಕೊನೆಗೆ ಟೈರಿನ ಹಿಡಿತವನ್ನೇ ನಂಬಿದೆ. ನೆಗೆಯುವ ಚಕ್ರಕ್ಕೆ ಎಂಥ ಬ್ರೇಕಿದ್ದೂ ವ್ಯರ್ಥ. ಡ್ರಮ್ ದುಂಡಗಿದೆಯೇ ಎಂದು ಲೇತಿನಲ್ಲಿ ನೋಡಿಸಿ, ಹೊಸ ಲೈನಿಂಗನ್ನು ಡ್ರಮ್ಮಿಗೆ ಸರಿಯಾಗಿ ಕೂರುವಂತೆ ತೀಡಿಸಿದರೆ ಮೂಲ ಬ್ರೇಕೇ ತನ್ನ ಪೂರ್ಣ ಶಕ್ತಿ ತೋರುತ್ತದೆ. ಅದಕ್ಕೂ ಯಾರ ಅನುಮತಿ ಬೇಕಿಲ್ಲ.

ಹೊಸ ಬೈಕೇ ಇರುವಾಗ ಹಳೆಯದರ ಹಿಂದೆ ಇಷ್ಟು ಪಾಡೇಕೆ, ಹಳೆಯದನ್ನು ಮ್ಯೂಸಿಯಮ್ಮಿಗೆ ಕೊಟ್ಟುಬಿಡಿ ಎನ್ನುವವರೂ ಇದ್ದಾರೆ. ಎಲ್ಲ ಹಳೆ ಬೈಕಿಗೂ ಮ್ಯೂಸಿಯಮ್ಮಿನಲ್ಲಿ ಜಾಗವಿಲ್ಲ, ಜಾಗವಿದ್ದರೂ ಬಹುಪಾಲು ಬೈಕುಗಳು ಅಲ್ಲಿಡುವಷ್ಟು ಅಪರೂಪದವಲ್ಲ. ಅವು ಉಳಿದಿರುವುದು ಓಡುತ್ತಿರುವುದರಿಂದ. ಓಡುತ್ತಿರುವುದರಿಂದಲೇ ಅವಕ್ಕೆ ಬಿಡಿಭಾಗ ಮಾಡುವವರೂ ರಿಪೇರಿ ಬಲ್ಲವರೂ ಉಳಿದಿದ್ದಾರೆ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಜಾವಾ, ಯೆಜ್ಡಿಗಳು ಇಷ್ಟು ಕಾಲ ಬದುಕಿದ್ದು ಈ ಕೈಗಳಿಂದ. ಓಡಿಸಲು ಭಯವಾಗುವ ಬೈಕು ಮೊದಲು ಶೆಡ್ಡು ಸೇರುತ್ತದೆ, ಆಮೇಲೆ ಗುಜರಿಗೆ ಹೋಗುತ್ತದೆ. ಆ ದೃಷ್ಟಿಯಿಂದ, ಮರಳಿಸಬಹುದಾದ ಒಂದು ಜೊತೆ ಶಾಕ್ ಫ್ರೇಮು, ಎಂಜಿನ್, ಟ್ಯಾಂಕುಗಳನ್ನೆಲ್ಲ ಉಳಿಸುವ ಅಗ್ಗದ ವಿಮೆ. ಪ್ರದರ್ಶನದ ತೀರ್ಪುಗಾರರಿಗೆ ಮೂಲ ಶಾಕ್ ಬೇಕಿದ್ದರೆ ಆ ದಿನ ಅದನ್ನು ಜೋಡಿಸಿಕೊಂಡು ಹೋಗಬಹುದು. ಕೊಯ್ದ ಫ್ರೇಮಿಗೆ ಅಂಥ ಮರುದಾರಿ ಇಲ್ಲ.

ಆಗಬೇಕಾದದ್ದು ದೊಡ್ಡ ಕೆಲಸವೇನಲ್ಲ. ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ನಿಯಮಕ್ಕೆ ಒಂದು ವಿವರಣೆ ಸೇರಿಸಲಿ: ಫ್ರೇಮನ್ನು ಕೊಯ್ಯದೆ, ಬೆಸೆಯದೆ, ಕಾರ್ಖಾನೆಯ ಜೋಡಣಾ ಬಿಂದುಗಳಲ್ಲೇ ಕೂರುವ ಸಸ್ಪೆನ್ಷನ್, ಬೇರಿಂಗ್ ಮತ್ತು ಬುಷ್‌ಗಳ ಬದಲಾವಣೆಯನ್ನು ಚಾಸಿ ಮಾರ್ಪಾಡು ಎಂದು ಎಣಿಸತಕ್ಕದ್ದಲ್ಲ. ಚಕ್ರದ ಗಾತ್ರ, ಫೋರ್ಕಿನ ಉದ್ದ ಬದಲಿಸುವವರು ಎಂಜಿನಿಯರಿನ ಲೆಕ್ಕಾಚಾರ ಒದಗಿಸಬೇಕೆಂದೂ ಸೇರಿಸಲಿ. ಅಲ್ಲಿಯವರೆಗೆ ಕಾಯದೆ ಗುಜರಾತ್ ಸಾರಿಗೆ ಇಲಾಖೆ ಅಹಮದಾಬಾದ್, ವಡೋದರಾ, ಸೂರತ್ತಿನ ಆರ್‌ಟಿಒ ಕಚೇರಿಗಳಲ್ಲಿ ಮೂರು ಕಾಲೇಜುಗಳ ನೆರವಿನೊಂದಿಗೆ ತಪಾಸಣೆಯ ಮಾದರಿಯೊಂದನ್ನು ಸಿದ್ಧಪಡಿಸಬಹುದು: ಏನು ಬದಲಾಗಿದೆ ಎಂಬ ಪಟ್ಟಿ, ಕತ್ತು ಮತ್ತು ಸ್ವಿಂಗ್ ಆರ್ಮಿನ ಬುಡದಲ್ಲಿ ಬಿರುಕು ಪರೀಕ್ಷೆ, ಎರಡೂ ಚಕ್ರ ಒಂದೇ ಸಾಲಿನಲ್ಲಿವೆಯೇ ಎಂಬ ಅಳತೆ. ನಿಯಮ ದೇಶಕ್ಕೆಲ್ಲ ಒಂದೇ ಆದ್ದರಿಂದ ಅಲ್ಲಿ ಗಟ್ಟಿಗೊಂಡ ಮಾದರಿ ಮೈಸೂರು, ಬೆಂಗಳೂರುಗಳಿಗೂ ದಕ್ಕುತ್ತದೆ. ಮಾಲೀಕರ ಪಾಲಿನ ಕರ್ತವ್ಯವೂ ಇದೆ: ಮೊದಲು ಸವೆದದ್ದನ್ನು ಸರಿಪಡಿಸಿ, ಆಮೇಲೆ ಸ್ಪ್ರಿಂಗು ಮತ್ತು ಡ್ಯಾಂಪಿಂಗ್ ನೋಡಿ, ಫ್ರೇಮಿಗೆ ಕೈ ಹಾಕುವ ಮುನ್ನ ಅದರ ಅಗತ್ಯ ನಿಜಕ್ಕೂ ಇದೆಯೇ ಎಂದು ಬಲ್ಲವರಿಂದ ಲೆಕ್ಕ ಹಾಕಿಸಿ. ಈ ಶಿಸ್ತನ್ನು ಮಾಲೀಕರು ಪಾಲಿಸಿದರೆ ಸರ್ಕಾರದ ಬಳಿ ಅನುಮತಿ ಕೇಳುವ ಅವರ ಹಕ್ಕಿಗೆ ತೂಕ ಬರುತ್ತದೆ. ಹಳೆ ಬೈಕನ್ನು ಕಾಪಾಡುವುದೆಂದರೆ ಅದರ ಸವೆತವನ್ನೂ ಕಾಪಾಡುವುದಲ್ಲ. ಮುಂದಿನ ಮಾಲೀಕನಿಗೆ ಅದನ್ನು ಭದ್ರವಾಗಿ ಓಡುವ ಸ್ಥಿತಿಯಲ್ಲೂ, ಬೇಕೆಂದರೆ ಮೂಲಕ್ಕೆ ಮರಳಿಸುವ ಸ್ಥಿತಿಯಲ್ಲೂ ದಾಟಿಸುವುದು.